ಇಲ್ಲದ ಆಯಾಗೆ ಮೊದಲ ಸ್ಥಾನ

ಬೆಳಿಗ್ಗೆ ಹತ್ತು ಗಂಟೆಯೊಳಗೆ ನಮ್ಮ ಟೈಪಿಂಗ್ ಮೇಷ್ಟ್ರ ಮೂಗಿನ ತುದಿ ಕಪ್ಪಾಗಿರುತ್ತಿತ್ತು. ಹನ್ನೆರಡು ಮಿಷನ್ನುಗಳ ರಿಬ್ಬನ್ನನ್ನೂ ಅವರೇ ಬಿಚ್ಚಿ ಹಾಕುತ್ತಿದ್ದರು, ಅದೇ ಕೈಯಲ್ಲಿ ಜಾರುವ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಿದ್ದರು. ಮೂಗು ಒರೆಸಿಕೊಳ್ಳಿ ಸಾರ್ ಅನ್ನುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಒಳಗೆ ಹೋದಾಗ ಅವರ ಹೆಂಡತಿ ಒರೆಸಿ ಕಳಿಸುತ್ತಿದ್ದರು. ಎರಡೂವರೆಗೆ ನೋಡಿದರೆ ಮತ್ತೆ ಕಪ್ಪು.

ವಿನೋಬನಗರದ ಅವರ ಮನೆಯ ಮುಂದಿನ ಕೋಣೆಯೇ ಇನ್‌ಸ್ಟಿಟ್ಯೂಟು. ಮೇಷ್ಟ್ರು ನಮ್ಮ ಕಡೆ ಬೆನ್ನು ಹಾಕಿ ಕಿಟಕಿ ಹತ್ತಿರ ನಿಂತಿರುತ್ತಿದ್ದರು. ನೋಡುವುದೇ ಬೇಡ, ಸದ್ದು ಕೇಳಿದರೆ ಸಾಕು. "ಐದನೇ ಮಿಷನ್ನು, ಕಿರುಬೆರಳು ಮಲಗಿದೆ, ಎಬ್ಬಿಸು" ಅನ್ನುತ್ತಿದ್ದರು. ಐದನೇ ಮಿಷನ್ನಿನಲ್ಲಿ ಕೂತಿದ್ದವಳು ನಾನು. ಸ್ವಂತ ತಂಗಿಯ ಮಗನಿಗೇ "ನಿನಗೆ ಇನ್ನೂ ಬಂದಿಲ್ಲ ಕಣೋ" ಎಂದು ಪರೀಕ್ಷೆಗೆ ಕೂರಿಸದೆ ಕಳಿಸಿದ ಮನುಷ್ಯ ಅವರು. ಅರ್ಧ ಮಾರ್ಕಿಗೂ ಸುಳ್ಳು ಹೇಳಿದವರಲ್ಲ.

ಇಂಥವರಿಗೆ ಇದ್ದದ್ದು ಒಂದೇ ಚಟ, ಸಿನಿಮಾ. ಬುಧವಾರ ಮಧ್ಯಾಹ್ನ ಹೆಂಡತಿಯನ್ನು ಮೇಜಿನ ಹಿಂದೆ ಕೂರಿಸಿ ಮ್ಯಾಟಿನಿಗೆ ಹೋಗಿಬಿಡುವರು. ಶಿವಮೊಗ್ಗದಲ್ಲಿ ನೋಡದ್ದು ಯಾವುದೂ ಉಳಿದಿಲ್ಲದಿದ್ದರೆ ಭದ್ರಾವತಿ ಬಸ್ಸು. ಜನವರಿ ಒಂದನೇ ತಾರೀಕು ನೋಟಿಸ್ ಬೋರ್ಡಿನಲ್ಲಿ, ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ, ಅವರು ಟೈಪ್ ಮಾಡಿದ ಒಂದು ಹಾಳೆ ಬರುತ್ತಿತ್ತು. ತಲೆಬರಹ, 'ಕಳೆದ ವರ್ಷದ ಪೋಷಕ ಪಾತ್ರಗಳು'. ಕೆಳಗೆ ಐದೇ ಐದು.

ಹೀರೋ ಹೀರೋಯಿನ್ ಅದರಲ್ಲಿ ಬರುವ ಹಾಗಿಲ್ಲ. "ಅವರಿಗೆ ಹಾರ ಹಾಕೋಕೆ ಊರೆಲ್ಲ ಇದೆಯಲ್ಲ, ನಾನ್ಯಾಕೆ?" ಎನ್ನುತ್ತಿದ್ದರು. ಒಂದೊಂದು ಪಾತ್ರಕ್ಕೂ ಒಂದೊಂದೇ ಸಾಲಿನ ಕಾರಣ. 'ಹೋಟೆಲ್ ಮಾಣಿ. ನಾಯಕ ಅಳುತ್ತಿದ್ದರೂ ಟೇಬಲ್ ಒರೆಸುವುದನ್ನು ನಿಲ್ಲಿಸಲಿಲ್ಲ.' 'ಪೊಲೀಸ್ ಪೇದೆ. ಸಾವಿನ ಸುದ್ದಿ ಹೇಳುವ ಮೊದಲು ಚಪ್ಪಲಿಗಳ ನಡುವೆ ಜಾಗ ಹುಡುಕಿ ಬೂಟು ಬಿಟ್ಟ.' ಇದನ್ನು ಓದಿದ ಮೇಲೆ ಅದೇ ಸಿನಿಮಾಕ್ಕೆ ಹೋದರೆ, ಅಯ್ಯೋ ದೇವರೇ, ಕಣ್ಣು ಹೀರೋನ ಬಿಟ್ಟು ಆ ಮಾಣಿಯ ಹಿಂದೆಯೇ ಓಡುತ್ತಿತ್ತು. ಕಾರ್ಬನ್ ಹಾಕಿ ತೆಗೆದ ಒಂದು ಪ್ರತಿ ಸವಳಂಗ ರಸ್ತೆಯ ವಿಡಿಯೋ ಕ್ಯಾಸೆಟ್ ಅಂಗಡಿಗೂ ಹೋಗುತ್ತಿತ್ತು. ಅಂಗಡಿಯವನು ಅದನ್ನು ಗಾಜಿಗೆ ಅಂಟಿಸುತ್ತಿದ್ದ. ಮೇಷ್ಟ್ರ ಪಟ್ಟಿಯಲ್ಲಿದೆ ಅಂದರೆ ಜನ ಕ್ಯಾಸೆಟ್ ಒಯ್ಯುತ್ತಿದ್ದರು.

ಈಗ ನನ್ನ ಕತೆ ಹೇಳಬೇಕು. ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ನಮ್ಮಕ್ಕ ಗೆಳತಿಯರ ಜೊತೆ ಟಾಕೀಸಿನಲ್ಲಿ ಕೂತಿದ್ದನ್ನು ಯಾರೋ ನೋಡಿ ಹೇಳಿದ್ದಕ್ಕೆ ಅವಳ ಕಾಲೇಜು ಬಿಡಿಸಿ ನಾಲ್ಕು ತಿಂಗಳಲ್ಲಿ ಮದುವೆ ಮಾಡಿ ಮುಗಿಸಿದ್ದರು. ನನಗೆ ಪಿಯುಸಿ ಆದ ಮೇಲೆ ಸಿಕ್ಕಿದ್ದು ಟೈಪಿಂಗ್ ಒಂದೇ. ಸೀನಿಯರ್ ಪರೀಕ್ಷೆ ಪಾಸಾದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಅಕ್ಕನ ದಾರಿ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ! ಒಂದು ಬುಧವಾರ "ಸ್ಪೆಷಲ್ ಕ್ಲಾಸ್ ಇದೆ, ಲೇಟಾಗುತ್ತೆ" ಎಂದು ಮನೆಯಲ್ಲಿ ಹೇಳಿ ಭದ್ರಾವತಿ ಬಸ್ಸು ಹತ್ತಿದೆ. ಶಿವಮೊಗ್ಗದಲ್ಲಾದರೆ ಯಾರಾದರೂ ನೋಡುತ್ತಾರೆ, ಅಲ್ಲಿ ನನ್ನನ್ನು ಯಾರು ಕೇಳಬೇಕು ಎಂಬ ಲೆಕ್ಕ.

ಇಂಟರ್‌ವಲ್‌ನಲ್ಲಿ ಹೊರಗೆ ಬಂದರೆ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಮೇಷ್ಟ್ರು ಎದುರಿಗೇ ನಿಂತಿದ್ದಾರೆ. ಕಣ್ಣಿಗೆ ಕಣ್ಣು ಸೇರಿತು. ಅವರು ಗೋಡೆಯ ಕಡೆ ತಿರುಗಿ ಮುಂದೆ ಬರಲಿರುವ ಸಿನಿಮಾದ ಪೋಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಓದತೊಡಗಿದರು. ನಾನು ಲೇಡೀಸ್ ಕಡೆಗೆ ಓಡಿದೆ.

ಆ ದೃಶ್ಯ ಬಂದದ್ದು ಇಂಟರ್‌ವಲ್ ಆದ ಮೇಲೆ. ಆಸ್ಪತ್ರೆಯಲ್ಲಿ ನಾಯಕನ ತಾಯಿ ತೀರಿಕೊಂಡಿದ್ದಾಳೆ, ಮಗ ಇನ್ನೂ ಬಂದಿಲ್ಲ. ಒಬ್ಬ ಆಯಾ ಬಂದು ಹೆಣದ ತಲೆ ಬಾಚುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಕೂದಲು ಸಿಕ್ಕಾದಾಗ ನಿಲ್ಲಿಸುತ್ತಾಳೆ, ಎಳೆದರೆ ನೋಯುತ್ತದೆ ಅನ್ನುವ ಹಾಗೆ ಬುಡವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಿಡಿಸುತ್ತಾಳೆ. ಅಷ್ಟೇ. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದು ಅಷ್ಟು ಹೊತ್ತೂ ತಮಿಳು ಕನ್ನಡ ಎರಡರಲ್ಲೂ ಕೂಗಾಡುತ್ತಿದ್ದವರು ತೆಪ್ಪಗಾದರು. ನಾನಂತೂ ದುಪಟ್ಟಾ ಬಾಯಿಗೆ ತುರುಕಿಕೊಂಡು ಅತ್ತೆ.

ಮಾರನೇ ದಿನ ಜೀವ ಕೈಯಲ್ಲಿ ಹಿಡಿದು ಕ್ಲಾಸಿಗೆ ಹೋದೆ. ಎಲ್ಲರೂ ಎದ್ದ ಮೇಲೆ ಮೇಷ್ಟ್ರು ನನ್ನನ್ನು ನಿಲ್ಲಿಸಿಕೊಂಡರು.

"ಮನೇಲಿ ಏನಂತ ಹೇಳಿದ್ದೆ?"

"ಸ್ಪೆಷಲ್ ಕ್ಲಾಸ್ ಅಂತ, ಸಾರ್."

"ನನ್ನ ಹೆಸರಲ್ಲಿ ಹೇಳಿದ ಸುಳ್ಳು ಸುಳ್ಳಾಗೇ ಉಳೀಬಾರದಲ್ಲ ಮಾರಾಯ್ತಿ. ಮುಂದಿನ ಬುಧವಾರದಿಂದ ದಿಟವಾಗ್ಲೂ ಸ್ಪೆಷಲ್ ಕ್ಲಾಸು. ಮೂರು ಗಂಟೆಗೆ ಬಾ."

ಪರೀಕ್ಷೆ ಮುಗಿಯುವ ತನಕ ಅವರು ಬುಧವಾರದ ಮ್ಯಾಟಿನಿಗೆ ಹೋಗಲಿಲ್ಲ. ನನ್ನ ಕಿರುಬೆರಳನ್ನು ಎಬ್ಬಿಸುತ್ತ ಕೂತರು. ಸಿನಿಮಾದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪರೀಕ್ಷೆ ಇನ್ನೂ ಮುಂದಿರುವಾಗಲೇ ಜನವರಿ ಒಂದಕ್ಕೆ ಪಟ್ಟಿ ಬಂತು. ಮೊದಲ ಸ್ಥಾನ, 'ಆಸ್ಪತ್ರೆಯ ಆಯಾ. ಹೆಸರು ತೆರೆಯ ಮೇಲೆ ಬರಲಿಲ್ಲ. ಸತ್ತವಳಿಗೆ ನೋಯದಂತೆ ತಲೆ ಬಾಚಿದಳು.' ಅಷ್ಟು ಹೊತ್ತಿಗೆ ಆ ಸಿನಿಮಾ ಶಿವಮೊಗ್ಗಕ್ಕೂ ಬಂದು ಹೋಗಿತ್ತು. ನೋಡಿದವರೆಲ್ಲ ಪಟ್ಟಿಯ ಮುಂದೆ ನಿಂತು ಮುಖ ಮುಖ ನೋಡಿಕೊಂಡರು. ಯಾವ ಆಯಾ? ಎಲ್ಲಿದ್ದಳು?

ನಾಲ್ಕನೇ ದಿನ ಕ್ಯಾಸೆಟ್ ಅಂಗಡಿಯವನು ಕ್ಲಾಸಿನ ಹೊತ್ತಿಗೇ ಬಂದ. ಒಳ್ಳೆಯವನೇ, ಆದರೆ ಬಾಯಿ ದೊಡ್ಡದು. ಮೇಲಾಗಿ ನಮ್ಮಪ್ಪನ ಜೊತೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವನು.

"ಮೇಷ್ಟ್ರೇ, ಟಾಕೀಸಲ್ಲಿ ನೋಡಿದೆ, ಇಲ್ಲ. ಈಗ ಕ್ಯಾಸೆಟ್ಟೂ ಬಂತು, ಎರಡು ಸಲ ಹಾಕಿ ನೋಡಿದೆ, ಅದ್ರಲ್ಲೂ ಇಲ್ಲ. ಗಿರಾಕಿಗಳು ನಗ್ತಿದಾರೆ. ನಿದ್ದೆ ಮಾಡಿ ಕನಸು ಗಿನಸು ಕಂಡ್ರಾ ಹೆಂಗೆ?"

ಕ್ಲಾಸೆಲ್ಲ ಕಿಸಕ್ಕೆಂದಿತು.

"ಭದ್ರಾವತೀಲಿ ನಾನು ನೋಡಿದೀನಿ" ಎಂದರು ಮೇಷ್ಟ್ರು.

"ಸರಿ ಹಂಗಾದ್ರೆ, ಅಲ್ಲಿ ಗುರುತಿನವರು ಯಾರಾದ್ರೂ ಸಿಕ್ಕಿದ್ರಾ? ಒಂದು ಹೆಸರು ಹೇಳಿ, ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

ನಾನು ಅವರಿಂದ ನಾಲ್ಕು ಮಾರು ದೂರದಲ್ಲಿದ್ದೆ. ಬೆರಳು ಕೀಲಿಗಳ ಮೇಲೆಯೇ ಇತ್ತು, ಆದರೆ ಒತ್ತಲಿಲ್ಲ. ಐದನೇ ಮಿಷನ್ನು ನಿಂತದ್ದು ಅವರಿಗೆ ಕೇಳಿಸದೆ ಇರುತ್ತದೆಯೇ? ಅವರು ನನ್ನ ಕಡೆ ತಿರುಗಲೇ ಇಲ್ಲ.

"ಯಾರೂ ಇರ್ಲಿಲ್ಲ. ನಾನೊಬ್ಬನೇ ಹೋಗಿದ್ದೆ" ಎಂದರು.

ನಾನು ಬಾಯಿ ಬಿಟ್ಟಿದ್ದರೆ ಮಾರನೇ ಬೆಳಿಗ್ಗೆ ವಾಕಿಂಗ್ ಮುಗಿಯುವಷ್ಟರಲ್ಲಿ ಅಪ್ಪನಿಗೆ ಗೊತ್ತಾಗುತ್ತಿತ್ತು, ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗಂತ ಆಗ ಸಮಾಧಾನ ಮಾಡಿಕೊಂಡೆ. ಈಗ ಹೇಳುತ್ತೇನೆ, ಹೆದರಿ ಸುಮ್ಮನಿದ್ದೆ, ಅಷ್ಟೇ. ಸಂಜೆ ಮೇಷ್ಟ್ರು ಪಟ್ಟಿ ತೆಗೆದರು. ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಮರುವರ್ಷ ಪಟ್ಟಿ ಬರಲಿಲ್ಲ. ಅದರ ಮರುವರ್ಷವೂ ಇಲ್ಲ. ಕೇಳಿದವರಿಗೆ "ಕಣ್ಣು ಸರಿಯಿಲ್ಲ ಕಣ್ರೋ" ಎನ್ನುತ್ತಿದ್ದರಂತೆ.

ನಾನು ಸೀನಿಯರ್ ಪಾಸಾದೆ. ನನಗೆ ಭದ್ರಾವತಿಯ ಒಂದು ಕಚೇರಿಯಲ್ಲೇ ಬೆರಳಚ್ಚುಗಾರ್ತಿ ಕೆಲಸ ಸಿಕ್ಕಿತು. ಅಲ್ಲಿಯ ಜವಾನರೊಬ್ಬರ ಭಾವ ಹಿಂದೆ ಅದೇ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಅವರನ್ನು ಕೇಳಿದಾಗ ಗೊತ್ತಾಯಿತು, ಸಿನಿಮಾ ಉದ್ದವಾಯಿತೆಂದು ಎರಡನೇ ವಾರದಿಂದ ಕಾಲು ಗಂಟೆಯಷ್ಟು ಕತ್ತರಿಸಿದ್ದರು, ನಾವು ನೋಡಿದ್ದು ಮೊದಲ ವಾರ, ಶಿವಮೊಗ್ಗಕ್ಕೆ ಬಂದದ್ದೂ ಕ್ಯಾಸೆಟ್ಟಾದದ್ದೂ ಆ ಮೋಟು ಪ್ರಿಂಟು. ಅವತ್ತೇ ಹೋಗಿ ಮೇಷ್ಟ್ರಿಗೆ ಹೇಳಬಹುದಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಲ್ಲ. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತಲೇ ವರ್ಷಗಳು ಹೋದವು. ದಾರಿಯಲ್ಲಿ ಸಿಕ್ಕರೆ "ಕಿರುಬೆರಳು ಹೆಂಗಿದೆ?" ಎಂದು ಕೇಳಿ ನಗುತ್ತಿದ್ದರು.

ಕಂಪ್ಯೂಟರ್ ಬಂದು ಮಿಷನ್ನುಗಳು ಒಂದೊಂದಾಗಿ ಗುಜರಿಗೆ ಹೋದವು. ಕೊನೆಗೆ ಮೂರು ಉಳಿದಿದ್ದಾಗ ಮೇಷ್ಟ್ರು ತೀರಿಕೊಂಡರು, ಹೃದಯಾಘಾತ. ಹಳೆಯ ವಿದ್ಯಾರ್ಥಿಗಳು ಅದೇ ಕೋಣೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಂತಾಪ ಸಭೆ ಇಟ್ಟರು. ಅಪ್ಪ ನನ್ನ ಜೊತೆಗೇ ಬಂದು ಪಕ್ಕದಲ್ಲಿ ಕೂತರು. ಕ್ಯಾಸೆಟ್ ಅಂಗಡಿಯವನು, ಈಗ ಮೊಬೈಲ್ ಅಂಗಡಿ, ಎದ್ದು ನಿಂತು ಪ್ರೀತಿಯಿಂದಲೇ ಮಾತಾಡಿದ. ಮಾತಿನ ಕೊನೆಗೆ, "ಇಲ್ಲದ ಆಯಾಗೆ ಫಸ್ಟ್ ಪ್ರೈಜ್ ಕೊಟ್ಟ ಮಹಾನುಭಾವರು ನಮ್ಮ ಮೇಷ್ಟ್ರು" ಎಂದ. ಎಲ್ಲರೂ ಮೆಲ್ಲಗೆ ನಕ್ಕರು. ಮೇಷ್ಟ್ರ ಹೆಂಡತಿಯೂ ನಕ್ಕರು. ಅದನ್ನು ನನಗೆ ತಡೆಯಲಾಗಲಿಲ್ಲ.

ಎದ್ದೆ. "ಆ ಆಯಾ ಇದ್ದಳು" ಎಂದೆ. "ಭದ್ರಾವತೀಲಿ, ಬುಧವಾರದ ಮ್ಯಾಟಿನಿ. ಮನೇಲಿ ಸ್ಪೆಷಲ್ ಕ್ಲಾಸ್ ಅಂತ ಸುಳ್ಳು ಹೇಳಿ ನಾನೂ ಹೋಗಿದ್ದೆ. ಮೇಷ್ಟ್ರು ನನ್ನನ್ನು ನೋಡಿದ್ರು." ಕೂದಲಿನ ಬುಡ ಹಿಡಿದದ್ದನ್ನು ಕೈಯಲ್ಲಿ ಮಾಡಿ ತೋರಿಸಿದೆ. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಅಂಗಡಿಯವನು ನಿಂತಲ್ಲೇ ನಿಂತಿದ್ದ.

ಸಭೆ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕರೆದರು. ಬೈಯುತ್ತಾರೆ ಅಂದುಕೊಂಡೇ ಹೋದೆ. ಅವರು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತರು.

"ಎಷ್ಟು ಸಲ ಹೇಳಿದ್ರು ಕಣಮ್ಮ, ನಾನು ನೋಡಿದೀನಿ ಕಣೇ, ನಾನು ನೋಡಿದೀನಿ ಅಂತ. ನಾನೂ ನಂಬಲಿಲ್ಲ. ನೀನಿದ್ದೆ ಅಂತ ನನ್ನ ಹತ್ರಾನೂ ಹೇಳಲಿಲ್ಲ ನೋಡು."