ಎಲೆಯೊಳಗೆ ಹೋದ ಹಲ್ಲಿನ ಟ್ರೇ

ಹಲ್ಲು ಕಚ್ಚಿದರೆ ನನ್ನ ಮೇಲಿನ ಸಾಲು ಕೆಳಗಿನದನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು. ಇಪ್ಪತ್ತೈದು ವರ್ಷ ಇದರಿಂದ ಯಾವ ತೊಂದರೆಯೂ ಆಗಿಲ್ಲ ಎಂದು ಉಡುಪಿಯ ದಂತವೈದ್ಯೆಯ ಹತ್ತಿರ ವಾದಿಸಿದೆ. ನಾನು ಹೋದದ್ದು ಒಂದು ಹುಳುಕು ತುಂಬಿಸಲು. ಅವರು ಹುಳುಕಿನ ಮಾತು ಬಿಟ್ಟು, ಕಚ್ಚುವ ರೀತಿಯೇ ಸರಿ ಇಲ್ಲ ಅಂದರು. ಪುರಾವೆ ಕೇಳಿದೆ. ಸಣ್ಣ ಕನ್ನಡಿಯನ್ನು ಬಾಯಿಯೊಳಗೆ ಹಿಡಿದು, ಮೇಲಿನ ಹಲ್ಲುಗಳ ಹಿಂದಿನ ವಸಡಿನಲ್ಲಿ ಕೆಳಗಿನ ಹಲ್ಲುಗಳು ಊರಿದ್ದ ಗುರುತುಗಳನ್ನು ತೋರಿಸಿದರು. ಕೆಂಪಾಗಿದ್ದವು. ಸೋತೆ. ಆದರೆ ತಂತಿ ಬೇಡ ಅಂದೆ. ಹಾಗಾದರೆ ಹಲ್ಲಿನ ಸಾಲಿನ ಮೇಲೆ ಕವಚದ ಹಾಗೆ ಕೂರುವ ಪಾರದರ್ಶಕ ಟ್ರೇ ಉಂಟು, ನೀವೇ ತೆಗೆದು ಹಾಕಬಹುದು, ಯಾರಿಗೂ ಕಾಣುವುದಿಲ್ಲ ಅಂದರು.

ಯಾರಿಗೂ ಕಾಣುವುದಿಲ್ಲ ಎಂಬುದಕ್ಕೇ ಒಪ್ಪಿದ್ದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನನ್ನದೂ ಒಬ್ಬ ಗೆಳತಿಯದೂ ಒಂದೇ ತಂಡ. ಒಮ್ಮೆ ರೂಪ ತಿದ್ದುವ ಚಿಕಿತ್ಸೆಗಳ ವಿರುದ್ಧ ಮಾತಾಡಿ ಗೆದ್ದಿದ್ದೆವು. ಫೋಟೋ ನೋಡಿದ ಮೇಲೆ ಶುರುವಾಗುವ ಕಾಯಿಲೆ ಕಾಯಿಲೆಯೇ ಅಲ್ಲ ಎಂದು ಮೇಜು ಕುಟ್ಟಿ ಹೇಳಿದವಳು ನಾನೇ. ನಾನೊಂದು ಲಿಪ್‌ಸ್ಟಿಕ್ ಕೊಂಡರೂ ಅವಳು ಆ ವಾಕ್ಯವನ್ನು ನನ್ನದೇ ಧ್ವನಿಯಲ್ಲಿ ಒಪ್ಪಿಸುತ್ತಿದ್ದಳು. ವಸಡಿನ ಗುರುತು ನಿಜವೇ. ಆದರೆ ಫೋಟೋದಲ್ಲಿ ನಾನು ಯಾವಾಗಲೂ ಬಾಯಿ ಮುಚ್ಚಿ ನಗುತ್ತಿದ್ದದ್ದೂ ನಿಜ. ಒಪ್ಪಿಕೊಂಡದ್ದರಲ್ಲಿ ಯಾವುದರ ಪಾಲು ಎಷ್ಟು ಎಂದು ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಹೇಳಲೇ ಇಲ್ಲ.

ದಿನಕ್ಕೆ ಇಪ್ಪತ್ತೆರಡು ಗಂಟೆ ಟ್ರೇ ಬಾಯಿಯಲ್ಲಿರಬೇಕು, ಎರಡು ವಾರಕ್ಕೊಮ್ಮೆ ಹೊಸತು ಹಾಕಬೇಕು. ಅದು ಇರುವಾಗ ನೀರು ಬಿಟ್ಟು ಬೇರೆ ಎಂತದೂ ಕುಡಿಯಬಾರದು. ತೆಗೆದು ತಿಂದರೆ ಹಲ್ಲುಜ್ಜಿಯೇ ಮತ್ತೆ ಹಾಕಬೇಕು. ಅಲೆವೂರಿನ ಬಾಡಿಗೆ ಕೋಣೆಯಲ್ಲಿ ಗಡಿಯಾರ ನೋಡಿಕೊಂಡು ಊಟ ಮಾಡಲು ಕಲಿತೆ. ಹನ್ನೆರಡು ನಿಮಿಷ ಸಾಕಾಗುತ್ತಿತ್ತು. ಎದುರು ಯಾರೂ ಇಲ್ಲದಿದ್ದರೆ ಒಂದು ಊಟದಲ್ಲಿ ಬೇರೆ ಎಂತ ಕೆಲಸ ಉಂಟು? ಭಾನುವಾರ ಕಾಪುವಿನ ಮನೆಗೆ ಹೋದರೆ ಅಮ್ಮ ಬಂಗುಡೆ ಮೀನು ಬಡಿಸುತ್ತಾ ಟ್ರೇಯ ಡಬ್ಬಿಯನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಬಾಯಿಯಿಂದ ತೆಗೆದದ್ದು ಎಂಜಲು, ಅದು ಊಟದ ಮೇಜಿನ ಮೇಲೆ ಬೇಡ ಅಂದರು. ವಿಜ್ಞಾನ ಹೇಳಲು ಹೋದೆ. ಅಮ್ಮ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಆ ಗೆಳತಿಯ ಆಫೀಸು ಮಣಿಪಾಲದಲ್ಲಿ ನನ್ನ ಆಫೀಸಿನ ಎದುರಿನ ಕಟ್ಟಡ. ಸಂಜೆ ಐದೂವರೆಗೆ ಚಾ, ಗೋಳಿಬಜೆ, ಒಂದು ಜಗಳ. ಅವಳು ಎಂತದನ್ನೇ ನಿರ್ಧರಿಸುವ ಮೊದಲು ನನ್ನೆದುರು ಇಡುತ್ತಿದ್ದಳು, ನಾನು ವಿರುದ್ಧ ಮಾತಾಡುತ್ತಿದ್ದೆ. ಅದು ನಮ್ಮ ಕ್ರಮ. ಸ್ಕೂಟರ್ ತೆಗೆಯುವುದಾ ಬೇಡವಾ ಎಂಬುದಕ್ಕೆ ಮೂರು ಸಂಜೆ ಹಿಡಿದಿತ್ತು. ನನ್ನ ಮಾತು ಮುಗಿದ ಮೇಲೂ ಅವಳಿಗೆ ಬೇಕು ಅನಿಸಿದರೆ ಮಾಡುತ್ತಿದ್ದಳು.

ಟ್ರೇ ಬಂದ ಮೇಲೆ ನಾನು ಕೆಲಸ ಉಂಟು ಅಂದೆ, ತಲೆನೋವು ಅಂದೆ, ಕೊನೆಗೆ ಚಾ ಬಿಟ್ಟಿದ್ದೇನೆ ಅಂದೆ. ಒಂದು ವಾರ ಅವಳು ಮೂರು ಸಲ ಫೋನು ಮಾಡಿದಳು. ಮಾತಾಡಲಿಕ್ಕೆ ಉಂಟು ಮಾರಾಯ್ತಿ, ಹತ್ತೇ ನಿಮಿಷ ಅಂತ. ಅದು ಹೊಸ ಟ್ರೇ ಹಾಕಿದ ವಾರ. ಹಲ್ಲು ನೋಯುತ್ತಿತ್ತು, ‘ಸ’ ಅಂದರೆ ಗಾಳಿ ಸೋರುತ್ತಿತ್ತು. ಮುಂದಿನ ವಾರ ಅಂದೆ. ಮುಂದಿನ ವಾರ ಅವಳು ಕರೆಯಲಿಲ್ಲ. ಐದೂವರೆಗೆ ಅವಳು ಸೀದಾ ಮನೆಗೆ ಹೊರಡುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಸ್ವಲ್ಪ ಸಮಯದ ಮೇಲೆ ವಾಟ್ಸಾಪಿನಲ್ಲಿ ಮದುವೆಯ ಕಾಗದ ಬಂತು. ಅವಳ ಮನೆ ಬಜಗೋಳಿ, ಹಾಲ್ ಕಾರ್ಕಳದಲ್ಲಿ, ಹುಡುಗ ದುಬೈಯಲ್ಲಿ.

ಮದುವೆಗೆ ಒಬ್ಬಳೇ ಹೋದೆ. ಬಫೆಯೂ ಇತ್ತು. ಆದರೆ ಅಲ್ಲಿ ಎಲ್ಲರೂ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತಾರೆ. ಪಂಕ್ತಿಯಲ್ಲಾದರೆ ತಲೆ ತಗ್ಗಿಸಿ ಟ್ರೇ ತೆಗೆಯಬಹುದು. ತೆಗೆದೆ. ಡಬ್ಬಿ ಬೇರೆ ಚೀಲದಲ್ಲಿ ಉಳಿದಿತ್ತು. ಮೇಜಿನ ಮೇಲೆ ಇಡೋಣವೆಂದರೆ ಪಕ್ಕದಲ್ಲಿ ಅಮ್ಮನ ವಯಸ್ಸಿನವರು. ಎಂಜಲು ಇರಬಹುದಾದ ಜಾಗ ಒಂದೇ, ನನ್ನ ಎಲೆ. ಅದರ ಎಡತುದಿಯಲ್ಲಿ, ಉಪ್ಪಿನಕಾಯಿಯ ಆಚೆ ಇಟ್ಟೆ. ಗಾಜಿನಂಥ ಟ್ರೇ ಹಸಿರಿನಲ್ಲಿ ಕಾಣಲೇ ಇಲ್ಲ. ಪಾಯಸ ಮುಗಿಯಿತು, ಎಲ್ಲರ ಹಾಗೆ ಎಲೆಯನ್ನು ನನ್ನ ಕಡೆಗೆ ಮಡಚಿ ಎದ್ದೆ. ಕೈ ತೊಳೆಯುವಾಗ ನಾಲಗೆ ಬರಿಯ ಹಲ್ಲಿಗೆ ತಾಗಿ ಟ್ರೇ ನೆನಪಾಯಿತು. ಓಡಿ ಬರುವಷ್ಟರಲ್ಲಿ ಮೇಜು ಖಾಲಿ.

ಮದುವೆ ಹಾಲ್‌ನ ಹಿಂದೆ ಎಲೆಗಳ ರಾಶಿ ಇತ್ತು. ಸೀರೆ ಎತ್ತಿ ಸಿಕ್ಕಿಸಿ ಒಂದೊಂದೇ ಎಲೆ ಬಿಡಿಸತೊಡಗಿದೆ. ಸೀರೆ ಬದಲಾಯಿಸುವ ಕೋಣೆಯ ಬಾಗಿಲು ಆ ಕಡೆಗೇ. ಮದುಮಗಳು ಗಾಳಿಗೆಂದು ಹೊರಗೆ ಬಂದಿದ್ದಳು.

“ಎಂತ ಹುಡುಕುತ್ತಿ?”

“ಹಲ್ಲು.”

ನನ್ನ ಬಾಯಿ ನೋಡಿದಳು. ಹಲ್ಲು ಅಲ್ಲೇ ಇದ್ದವು. ನಾನು ಎಲ್ಲ ಹೇಳಿದೆ, ಯಾಕೆ ಮುಚ್ಚಿಟ್ಟೆ ಎಂಬುದನ್ನೂ. ಈಗ ನನ್ನ ಹಳೆಯ ವಾಕ್ಯ ಬರುತ್ತದೆ ಎಂದು ಕಾದೆ. ಬರಲಿಲ್ಲ.

“ಚಾಕ್ಕೆ ಬಾರದ್ದು ಇದಕ್ಕಾ?” ಅಂದಳು. “ನಾನು ಗ್ರಹಿಸಿದ್ದು ಬೇರೆ. ಹುಡುಗನ ವಿಷಯ ನಿನಗೆ ಹೇಗೋ ಗೊತ್ತಾಗಿದೆ, ವಾದ ಮಾಡಲಿಕ್ಕೂ ಲಾಯಕ್ಕಿಲ್ಲದ ಸಂಬಂಧ ಅಂತ ನೀನು ಬರುವುದು ಬಿಟ್ಟದ್ದು ಅಂತ.”

ಮೂರು ಸಲ ಫೋನು ಮಾಡಿದ್ದು ಅದಕ್ಕೇ. ಆ ವಾರದೊಳಗೆ ಮನೆಯವರಿಗೆ ಉತ್ತರ ಬೇಕಿತ್ತಂತೆ. ಒಬ್ಬಳೇ ಕೂತು ಹೂಂ ಅಂದಳಂತೆ.

“ನಾನು ಕೇಳಿದ್ದರೆ ಎಂತ ಹೇಳುತ್ತಿದ್ದಿ?”

“ಬೇಡ ಅಂತ. ನಿನ್ನ ಬಾಯಿಯಿಂದ ಬೇಕು ಅಂತ ಬರುವವರೆಗೆ.”

“ಅದೇ. ಎಲ್ಲರೂ ಒಳ್ಳೇದು ಒಳ್ಳೇದು ಅಂದರು. ಬೇಡ ಅನ್ನಲಿಕ್ಕೆ ಒಬ್ಬಳಾದರೂ ಬೇಕಿತ್ತು ನನಗೆ.”

ಕ್ಷಮೆ ಕೇಳುವಷ್ಟರಲ್ಲಿ ಒಳಗಿನಿಂದ ಫೋಟೋಕ್ಕೆ ಕರೆದರು. ಜರಿಯ ಅಂಚು ಎಲೆಗಳಿಗೆ ತಾಗದ ಹಾಗೆ ಎತ್ತಿ ಹಿಡಿದು ಹೋದಳು. ಟ್ರೇ ಸಿಗಲಿಲ್ಲ.

ವೈದ್ಯೆ ಬೈದು, ಮುಂದಿನ ಟ್ರೇಯನ್ನು ನಾಲ್ಕು ದಿನ ಮೊದಲೇ ಹಾಕಿಸಿದರು. ಈಗ ಚಿಕಿತ್ಸೆ ಮುಗಿದಿದೆ. ವಸಡಿನ ಗುರುತು ಮಾಸಿದೆ, ಕೆಳಗಿನ ಸಾಲು ಕಾಣುತ್ತದೆ. ಅದರಲ್ಲಿ ನನಗೆ ತಕರಾರಿಲ್ಲ. ಗೆಳತಿ ದುಬೈಯಿಂದ ರಜೆಯ ದಿನ ಫೋನು ಮಾಡುತ್ತಾಳೆ. ಗಂಡ ಒಳ್ಳೆಯವನೇ ಅಂತೆ. ಮನೆ ಬದಲಾಯಿಸಿದ್ದು, ಕಾರು ಕಲಿತದ್ದು, ಎಲ್ಲ ಆದ ಮೇಲೆ ಹೇಳುತ್ತಾಳೆ. ಮೊನ್ನೆ, ಅಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟೆ ಅಂದಳು. ಯಾಕೆ, ಯಾರು ಹೇಳಿದ್ದು, ಬೇರೆ ಸಿಗುವ ಮೊದಲು ಬಿಡುವುದು ಎಂತ ಲೆಕ್ಕ, ಇಷ್ಟೂ ನಾಲಗೆಯ ತುದಿಗೆ ಬಂತು.

ಒಳ್ಳೇದಾಯಿತು ಅಂದೆ.