ಅತ್ತೆ ಮುಕ್ಕಾಲಿ ಹತ್ತಿದ್ದು

ಕಳೆದ ವಾರ ಗೋವಿನಕೋವಿಯಲ್ಲಿ ಒಂಬತ್ತು ಗಂಡಸರು ಬೇವಿನ ಮರ ಹತ್ತಿ ಕುಳಿತರು. ತಪ್ಪು ನನ್ನದೇ.

ಚನ್ನಗಿರಿಯಲ್ಲಿ ಬಸ್ಸು ಹತ್ತುವಾಗ ಪೇಪರು ಕೊಂಡಿದ್ದೆ. (ಕೊಳ್ಳಬಾರದಿತ್ತು.) ಪೋಲೆಂಡ್ ದೇಶದ ಹೆಂಗಸರು ಇಂಜಿನ್ನೇ ಇಲ್ಲದ ವಿಮಾನ ಹಾರಿಸುತ್ತಾರಂತೆ. ಗ್ಲೈಡರ್ ಅಂತ ಅದರ ಹೆಸರು. ಗಾಳಿಯ ಮರ್ಮ ತಿಳಿದಿದ್ದರೆ ಸಾಕಂತೆ. ಒಬ್ಬಾಕೆಯಂತೂ ಇಡೀ ಒಂದು ದಿನ ಕೆಳಗಿಳಿಯಲೇ ಇಲ್ಲವಂತೆ! (ಮೈಸೂರು ಸೀಮೆಯ ಈ ಮೂಲೆಯವರು ಇಂಜಿನ್ ಇರುವ ವಿಮಾನವನ್ನೂ ಕಂಡಿಲ್ಲ.)

ಇದನ್ನು ನಾನು ಓದಿ ಹೇಳಿದ್ದು ಸೋದರತ್ತೆ ಹಾಲಮ್ಮನವರ ಕಣದಲ್ಲಿ. ಅಲ್ಲಿ ಬೆಳಗಿನಿಂದ ರಾಗಿ ತೂರುವ ಕೆಲಸ. ಮಾವ ಎತ್ತರದ ಮುಕ್ಕಾಲಿಯ ಮೇಲೆ ನಿಂತು ಮೊರದಿಂದ ಸುರಿದಷ್ಟೂ ಹೊಟ್ಟು ಅವರ ಬಾಯಿಗೇ ಬರುತ್ತಿತ್ತು. ಮೇಲೆ ಅಕಾಲದ ಮೋಡ. ನೆನೆದರೆ ವರ್ಷದ ರಾಗಿಯೆಲ್ಲ ಮೊಳಕೆ.

“ಗಾಳಿ ಗಳಿಗೆಗೊಂದು ಕಡಿಗೆ ತಿರುಗ್ತೈತೆ. ನನಗೆ ಗೊತ್ತಾಗ್ತೈತೆ. ಇಳೀರಿ, ನಾನು ತೂರ್ತೀನಿ” ಎಂದರು ಅತ್ತೆ.

ಊರಿನ ಹಿರಿಯ ಸಿದ್ದಪ್ಪಜ್ಜ ಹೌಹಾರಿದರು. “ಕಣದಾಗೆ ಹೆಂಗಸು ಮುಕ್ಕಾಲಿ ಹತ್ತಂಗಿಲ್ಲ! ಗಂಡಸರ ತಲೆ ಮ್ಯಾಲೆ ನಿಲ್ಲಾಕೆ ಆಗ್ತೈತಾ?”

“ಪೋಲೆಂಡಿನಾಕಿ ಮೋಡದಾಗೆ ಅದಾಳಲ್ಲ?” ಎಂದರು ಅತ್ತೆ.

“ಅವಳ ಕೆಳಗೆ ನಮ್ಮೂರೋರು ಯಾರದಾರೆ?”

ಅಷ್ಟರಲ್ಲಿ ಗುಡುಗಿತು. ಕೊನೆಗೆ ಅಜ್ಜನೇ ದಾರಿ ಹುಡುಕಿದರು. ಹೆಂಗಸು ಗಂಡಸರಿಗಿಂತ ಮೇಲಿರಬಾರದು, ಅಷ್ಟೇ ತಾನೆ? ಗಂಡಸರೆಲ್ಲ ಇನ್ನೂ ಮೇಲೆ ಹೋದರಾಯಿತು!

ಹೋದರು, ಕಣದಂಚಿನ ಬೇವಿನ ಮರಕ್ಕೆ. ಮಾವ ಕಣ್ಣೊಳಗಿನ ಹೊಟ್ಟು ಒರೆಸಿಕೊಳ್ಳುತ್ತ ಹೋದರು. ಅಜ್ಜ ರುಮಾಲು ಸಮೇತ ಹೋದರು. ನಾನೂ ಪೇಪರು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದೆ. (ನಾನೂ ಗಂಡಸೇ ತಾನೆ?)

ಕೆಳಗೆ ಅತ್ತೆ ಮುಕ್ಕಾಲಿ ಹತ್ತಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಗಾಳಿಗೆ ಒಡ್ಡಿದರು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ ಮೊರ ಅಲುಗಿಸಿದರು. ಹೊಟ್ಟು ದೂರ ಹಾರಿತು, ರಾಗಿ ಕಾಲಬುಡದಲ್ಲಿ ರಾಶಿ ಬಿತ್ತು. ಮೊರ ತುಂಬಿಕೊಟ್ಟವರು, ಚೀಲ ಹೊತ್ತವರು ಎಲ್ಲ ಹೆಂಗಸರೇ. ಕೊನೆಯ ಚೀಲ ಮನೆ ಸೇರಿದ ಮೇಲೆ ಮಳೆ ಸುರಿಯಿತು.

ಈಗ ಮರ ಜಾರತೊಡಗಿತು. ಇಳಿಯಲು ಒಬ್ಬರಿಗೂ ಧೈರ್ಯವಿಲ್ಲ. ಅತ್ತೆ ತಲೆಗೆ ಗೋಣಿ ಹಾಕಿಕೊಂಡು ಬಂದು ನನ್ನತ್ತ ಕೂಗಿದರು: “ಆಕಿ ಹೆಂಗೆ ಇಳಿದ್ಲಂತೆ, ಸ್ವಲ್ಪ ಓದಿ ಹೇಳಪ್ಪ!”

ಪೇಪರಿನಲ್ಲಿ ಹಾರಿದ್ದಷ್ಟೇ ಇದೆ ಸ್ವಾಮಿ. ಮೇಲೇರಿ ಕುಳಿತ ಗಂಡಸರನ್ನು ಕೆಳಗಿಳಿಸುವುದು ನಿಮಗೆ ಯಾರಿಗಾದರೂ ಗೊತ್ತೇ?