ಕೇಳಿಸಿಕೊಳ್ಳುತ್ತಿದ್ದ ವಾರ್ಡನ್

ಸೋಲದೇವನಹಳ್ಳಿಯ ನಮ್ಮ ಹಾಸ್ಟೆಲ್ ವಾರ್ಡನ್, ಯಾರು ಬಂದು ಕೂತರೂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಹೇಳಮ್ಮ, ಕೇಳ್ತಿದೀನಿ" ಎನ್ನುತ್ತಿದ್ದರು.

ಸಂಕಟ ತಾಳಲಾಗದಾಗ ನಾನು ನನ್ನ ಕೈಗೇ ಗಾಯ ಮಾಡಿಕೊಳ್ಳುತ್ತಿದ್ದ ಕಾಲವದು. ಒಂದು ಮಧ್ಯಾಹ್ನ ಅದು ಅವರ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಔಷಧಿ ಹಚ್ಚಿ, "ಹೇಳಮ್ಮ, ಕೇಳ್ತಿದೀನಿ" ಎಂದರು. ನನಗೆ ಬರೀ ಅಳು ಬಂತು.

"ಇವತ್ತು ಬೇಡ ಬಿಡು. ನಾಳೆ ಕೌನ್ಸೆಲರ್ ಹತ್ರ ಹೋಗೋಣ, ನಾನೂ ಬರ್ತೀನಿ" ಎಂದರು.

ಪ್ರತಿ ವಾರವೂ ಬಂದರು. ಒಳಗೆ ನಾನು, ಹೊರಗಿನ ಬೆಂಚಿನಲ್ಲಿ ಅವರು.

ಕೆಲವು ತಿಂಗಳ ಮೇಲೆ ಒಂದು ಸಂಜೆ ಮತ್ತೆ ಅದೇ ಸಂಕಟ ಶುರುವಾಯಿತು. ಈ ಸಲ ನೇರವಾಗಿ ಹೋಗಿ ಅವರ ಬಾಗಿಲು ತಟ್ಟಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ಕೇಳುವ ಮೊದಲೇ ನಾನು ಮಾತಾಡತೊಡಗಿದೆ. ಮೊರದಲ್ಲಿ ಕಾಳು ತುಂಬುವ ಹೊತ್ತಿಗೆ ನನಗೆ ಹಸಿವಾಗಿತ್ತು.